ಸರೋಜವ್ವನ ನಾಲಗೆ ಮತ್ತು ಅನಾನಸಿನ ಸತ್ವ

ಹಾನಗಲ್ಲಿನ ಹೊಳಬಸಪ್ಪನವರ ಮನೆಯಲ್ಲಿ ಸೊಸೆ ಬಸಿರಾದಳೆಂದು ಊರಿಗೆ ತಿಳಿಯಲು ಡಂಗುರ ಬೇಕಿರಲಿಲ್ಲ. ಸರೋಜವ್ವ ಅನಾನಸಿನ ರುಚಿ ನೋಡುವುದಿಲ್ಲ ಎಂದರೆ ಸಾಕಿತ್ತು.

ಹೊಳಬಸಪ್ಪನವರು ಕಿರಾಣಿ ಅಂಗಡಿಯ ಜೊತೆಗೆ ಅನಾನಸಿನ ಸತ್ವ ಮಾರುತ್ತಿದ್ದರು. ಧಾರವಾಡದ ಒಂದು ಪ್ರದರ್ಶನದಲ್ಲಿ ಯಾರೋ ಕನ್ನಡಕದವರು ಹೇಳಿದ್ದನ್ನು ಕೇಳಿಕೊಂಡು ಬಂದಿದ್ದರು: ಹಣ್ಣಿನ ನಡುವಿನ ದಿಂಡಿನಲ್ಲಿ ಒಂದು ಕಿಣ್ವವಿದೆ, ಅದು ತಿಂದದ್ದನ್ನು ಅರಗಿಸುತ್ತದೆ, ಬಾವು ಇಳಿಸುತ್ತದೆ, ಬೆಂಕಿ ಕಂಡರೆ ಮಾತ್ರ ಸಾಯುತ್ತದೆ. ಅಂದಿನಿಂದ ಬನವಾಸಿ ಕಡೆಯ ಹಣ್ಣು ತರಿಸಿ, ದಿಂಡು ಕುಟ್ಟಿ, ಬಟ್ಟೆಯಲ್ಲಿ ಹಿಂಡಿ, ತಿಳಿಯನ್ನು ಬಾಟಲಿಗೆ ತುಂಬುವ ಕೆಲಸ ನಡೆದಿತ್ತು. ಮೊದಲ ಗಿರಾಕಿ ಅವರದೇ ಎಡಮೊಣಕಾಲು. ಅದರ ಬಾವು ಇಳಿದ ಮೇಲೆಯೇ ಅವರು ಊರಿಗೆ ಕೊಡಲು ಶುರುಮಾಡಿದ್ದು.

ಸತ್ವದ ಕಸುವು ತಿಳಿಯಲು ನಾಲಗೆಯೇ ಗತಿ. ತುದಿಗೆ ಒಂದು ಹನಿ ಬಿಟ್ಟರೆ ಚುರುಗುಟ್ಟಬೇಕು. ಎಷ್ಟು ಚುರುಗುಟ್ಟಿತೆಂಬುದರ ಮೇಲೆ ಎಷ್ಟು ಚಮಚೆ ಎಂದು ಗೊತ್ತುಮಾಡಬೇಕು. ಒಮ್ಮೆ ರುಚಿ ನೋಡದೆ ಕುಡಿದು ಹೊಳಬಸಪ್ಪನವರು ಹೊಟ್ಟೆ ಹಿಡಿದುಕೊಂಡು ವಾರಗಟ್ಟಲೆ ಮಲಗಿದ್ದರು. ಅವರ ನಾಲಗೆಯನ್ನು ತಂಬಾಕು ಎಂದೋ ತಿಂದು ಮುಗಿಸಿತ್ತು. ಹೆಂಡತಿ ಫಕ್ಕೀರವ್ವನ ನಾಲಗೆಗೆ ಬೇರೆ ಕೆಲಸಗಳಿದ್ದವು. ಉಳಿದದ್ದು ಸೊಸೆ ಸರೋಜವ್ವನದು.

ಬಸುರಿ ಅನಾನಸು ಮುಟ್ಟಬಾರದೆಂಬುದು ಹಸುಗೂಸಿಗೂ ಗೊತ್ತು. ಹಿಂದೆ ಎರಡು ಸಲವೂ ಸರೋಜವ್ವ ‘ಬ್ಯಾಡ್ರಿ’ ಅಂದದ್ದೇ ತಡ, ಫಕ್ಕೀರವ್ವ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು, ಓಣಿಯವರು ಬಸುರಿಗೆ ಮಾಡುವ ಕುಬಸದ ಸೀರೆಯ ಬಣ್ಣ ಮಾತಾಡಿದರು. ಎರಡು ಸಲವೂ ಮೂರು ತಿಂಗಳು ತುಂಬುವುದರೊಳಗೆ ಹೋಯಿತು. ಆಮೇಲೆ ಅದೇ ಹೆಂಗಸರು ಬಂದು ಸಮಾಧಾನ ಹೇಳಿದರು. ಆ ಸಮಾಧಾನ ಸರೋಜವ್ವನಿಗೆ ಹೋದ ನೋವಿಗಿಂತ ಹೆಚ್ಚು ಸುಟ್ಟಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ೧೯೭೯ರಲ್ಲಿ ಮತ್ತೆ ಮುಟ್ಟು ನಿಂತಾಗ, ಹೊಟ್ಟೆ ತಾನೇ ಹೇಳುವವರೆಗೆ ತಾನು ಹೇಳಬಾರದೆಂದು ಗಟ್ಟಿಮಾಡಿಕೊಂಡಳು. ಗಂಡ ನೀಲಪ್ಪನಿಗೂ ಹೇಳಲಿಲ್ಲ. ಅವನಿಗೆ ಹೇಳುವುದೂ ಒಂದೇ, ಅವನ ತಾಯಿಗೆ ಹೇಳುವುದೂ ಒಂದೇ.

ಆದರೆ ರುಚಿ ನೋಡುವುದು ತಪ್ಪುತ್ತದೆಯೇ? ಅವಳು ಪ್ರತಿ ಸಲ ರಸವನ್ನು ಕದ್ದುಮುಚ್ಚಿ ಹಿತ್ತಲ ಒಲೆಯ ಮೇಲೆ ಚೆನ್ನಾಗಿ ಕುದಿಸಿ, ಆರಿಸಿ, ಮತ್ತೆ ಸೋಸಿಟ್ಟಳು. ಬೆಂಕಿಗೆ ಸತ್ವ ಸತ್ತರೆ ಅದು ಮಗುವನ್ನೂ ಕಚ್ಚಲಾರದೆಂದು ಅವಳ ಎಣಿಕೆ. ಎಲ್ಲರೆದುರು ಒಂದು ಹನಿ ಮುಟ್ಟಿಸಿಕೊಂಡು, ಮುಖ ಕಿವುಚಿ, “ಭಾಳ ಜೋರ ಐತ್ರಿ” ಎಂದಳು. ಸತ್ತ ರಸ ಬಾಟಲಿಗೆ ಹೋಯಿತು.

ಗಿರಾಕಿಗಳು ಜಗಳಕ್ಕೆ ಬರುತ್ತಾರೆಂದು ಜೀವ ಕೈಯಲ್ಲಿ ಹಿಡಿದು ಕಾದಳು. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಇಸ್ಮಾಯಿಲಸಾಬ ಬಂದ.

“ಈ ಸಲದ್ದು ಭಾಳ ಚಲೋ ಆಗೇತ್ರಿ ಸಾವಕಾರ್ರ. ನಾಲಿಗಿ ಸುಡೂದಿಲ್ಲ, ಹೊಟ್ಟಿ ಹೂವಿನಂಗ ಹಗುರ,” ಎಂದು ಹೇಳಿ ಇನ್ನೂ ಎರಡು ಬಾಟಲಿ ಒಯ್ದ. ಶಿಗ್ಗಾಂವಿಯ ಮಾಸ್ತರರೊಬ್ಬರು ತಮ್ಮ ಹೆಂಡತಿಯ ಕಾಲಿನ ಬಾವು ಇಳಿಯಿತೆಂದು ಹೇಳಿಕಳಿಸಿದರು. ಸತ್ವ ಸತ್ತ ಮೇಲೆ ಅದರ ಹೆಸರು ತಾಲೂಕು ದಾಟಿತು.

ಗುಣವಾಗದೆ ಉಳಿದದ್ದು ಒಂದೇ ಮೊಣಕಾಲು. ಹೊಳಬಸಪ್ಪನವರದು ದಿನದಿನಕ್ಕೆ ಊದಿತು. ಮೊದಲು ಕೋಲು ಹಿಡಿದರು. ಆಮೇಲೆ ಅಂಗಡಿಯ ಕಟ್ಟೆ ಹತ್ತಲಾಗದೆ, ಅಂಗಡಿಯನ್ನು ಮಗನಿಗೆ ಬಿಟ್ಟು ಮನೆಯಲ್ಲೇ ಕುಳಿತರು. ಆದರೂ ಎರಡು ಹೊತ್ತೂ ತಪ್ಪದೆ ಕುಡಿಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಸರೋಜವ್ವ ಉಣ್ಣುವುದನ್ನು ಬಿಟ್ಟು ಏಳುತ್ತಿದ್ದಳು. ತವರಿನಲ್ಲೂ ಅವಳನ್ನು ಮಾವನಷ್ಟು ಮೆತ್ತಗೆ ಮಾತಾಡಿಸಿದವರಿರಲಿಲ್ಲ.

ಮೂರು ತುಂಬಲು ಇನ್ನೂ ಸ್ವಲ್ಪ ದಿನ ಬಾಕಿಯಿದ್ದಾಗ, ಅತ್ತೆ ಓಣಿಗೆ ಹೋದ ಒಂದು ಮಧ್ಯಾಹ್ನ, ಅವಳಿಗೆ ತಡೆಯಲಾಗಲಿಲ್ಲ. ಹಸಿ ರಸ ಹಿಂಡಿದಳು, ಒಲೆ ಹಚ್ಚಲಿಲ್ಲ. ಬಟ್ಟಲು ತಂದು ಮಾವನ ಮುಂದೆ ನಿಂತು, ಕಸುವು ನೋಡಲು ಬೆರಳು ಅದ್ದಿ ಬಾಯಿಗೆ ಒಯ್ದಳು.

ಹೊಳಬಸಪ್ಪನವರು ಕೋಲು ಚಾಚಿ ಅವಳ ಕೈ ತಡೆದರು. “ಬ್ಯಾಡವ್ವಾ. ಅದು ಹಸೀದೈತಿ.”

ಸರೋಜವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ನಿಮಗ ಗೊತ್ತಿತ್ತೇನ್ರಿ ಮಾವಾರ?”

“ಊರ ಮಂದಿಗೆ ಏನ್ ಕೊಟ್ರೂ ನಡೀತೈತಿ. ಮೊಣಕಾಲಿಗೆ ನಡಿಯೂದಿಲ್ಲ. ಮೊದಲನೇ ವಾರದಾಗ ಗೊತ್ತಾತು.”

“ಮತ್ಯಾಕ ಕುಡದ್ರಿ?”

“ನಾ ಬಿಟ್ರ ನಿಮ್ಮತ್ತಿ ಯಾಕ ಅಂತ ಕೇಳ್ತಿದ್ಲು.”

“ಕಾಲು ಹೋಗ್ತೈತ್ರಿ.”

“ಇನ್ನೊಂದೈತಿ,” ಎಂದರು.

ಅವಳು ನಿಂತಲ್ಲೇ, ಬಟ್ಟಲು ಹಿಡಿದುಕೊಂಡೇ ಅತ್ತಳು. ಎರಡು ಸಲ ಕಳೆದುಕೊಂಡಾಗಲೂ ಹಾಗೆ ಅತ್ತಿರಲಿಲ್ಲ. ಅಳುವವರ ಮುಂದೆ ಏನು ಮಾಡಬೇಕೆಂದು ಹೊಳಬಸಪ್ಪನವರಿಗೆ ತಿಳಿಯುತ್ತಿರಲಿಲ್ಲ. ಬಟ್ಟಲು ಇಸಿದುಕೊಂಡು, ಗೋಡೆ ಹಿಡಿದು ಹಿತ್ತಲಿಗೆ ಹೋಗಿ, ಒಲೆಯ ಮುಂದೆ ಹೇಗೋ ಕುಕ್ಕರಿಸಿ, ಬೆಂಕಿ ಹಚ್ಚಿ ರಸ ಕುದಿಯಲಿಟ್ಟರು. ಕುದಿಯಿತು. ಇಳಿಸಿದರು. ಏಳಲು ಮಾತ್ರ ಆಗಲಿಲ್ಲ.

ಸರೋಜವ್ವ ಓಡಿಬಂದು ಅವರ ತೋಳಿಗೆ ಕೈ ಹಾಕಿದಳು.

“ಬಿಡು, ನೀ ಭಾರ ಎತ್ತಬಾರದು,” ಎಂದರು. “ನೀಲಪ್ಪ ಬರೂತನಕ ಇಲ್ಲೇ ಕುಂದರ್ತೇನಿ.”

ನೀಲಪ್ಪ ಅಂಗಡಿ ಮುಚ್ಚಿ ಬರುವುದು ದೀಪ ಹಚ್ಚಿದ ಮೇಲೆ. ಆಗಿನ್ನೂ ಬಿಸಿಲು ಇಳಿದಿರಲಿಲ್ಲ.