ಉತ್ತರಕ್ಕೆ ಕಾಯುವ ಮೇಷ್ಟರು

ಪ್ರಶ್ನೆ ಕೇಳಿದ ಮೇಲೆ ಸದಾಶಿವಯ್ಯನವರು ಸುಮ್ಮನಾಗುತ್ತಿದ್ದ ರೀತಿಯನ್ನು ನಾನು ಬೇರೆ ಯಾವ ಅಧ್ಯಾಪಕರಲ್ಲೂ ಕಂಡಿಲ್ಲ. ಎರಡು ಕೈಗಳನ್ನೂ ಎದೆಯ ಮೇಲೆ ಕಟ್ಟಿ, ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಎದ್ದು ನಿಂತ ಮಗುವಿನ ಮುಖದ ಮೇಲೆ ದೃಷ್ಟಿಯಿಟ್ಟು ಅವರು ನಿಂತುಬಿಟ್ಟರೆಂದರೆ, ಗಂಟೆ ಹೊಡೆಯಲಿ, ಹೆಡ್‌ಮಾಸ್ಟರು ಬಾಗಿಲಲ್ಲಿ ಕೆಮ್ಮಲಿ, ಅವರು ಜಗ್ಗುತ್ತಿರಲಿಲ್ಲ. ವಿದ್ಯಾರಣ್ಯಪುರಂನ ನಮ್ಮ ಪ್ರೌಢಶಾಲೆಯಲ್ಲಿ ಅವರ ಗಣಿತದ ತರಗತಿಗೂ ನನ್ನ ಕನ್ನಡದ ತರಗತಿಗೂ ನಡುವೆ ಇದ್ದದ್ದು ಒಂದು ಹಲಗೆಯ ಮರೆ ಮಾತ್ರ. ಆಚೆಯ ಮೌನ ಈಚೆಗೆ ಕೇಳಿಸುತ್ತಿತ್ತು ಎಂದರೆ ನಗಬೇಡಿ. ನನ್ನ ಮಕ್ಕಳು ಕೂಡ ಅಷ್ಟು ಹೊತ್ತು ಉಸಿರು ಹಿಡಿದು ಕೂತಿರುತ್ತಿದ್ದರು. ಕೊನೆಗೊಮ್ಮೆ ಅವರ ಧ್ವನಿ ಬರುತ್ತಿತ್ತು: "ಅರ್ಜೆಂಟೇನಿಲ್ಲ ಕಣಪ್ಪ."

ಬೂದು ಬಣ್ಣದ ಮುಚ್ಚುಗೊರಳಿನ ಕೋಟು, ಅದರ ಎಡಜೇಬಿನಲ್ಲಿ ಸೀಮೆಸುಣ್ಣದ ತುಂಡುಗಳು, ಹಣೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ವಿಭೂತಿ ಯಾವುದು, ಸೀಮೆಸುಣ್ಣ ಯಾವುದು ಎಂದು ತಿಳಿಯದಷ್ಟು ಬಿಳುಪು. ಬೇಸಿಗೆಯಲ್ಲೂ ಆ ಕೋಟು ಕಳಚಿದ್ದನ್ನು ಕಂಡವರಿಲ್ಲ. ನಡಿಗೆ ಮಾತ್ರ ಅವರ ತಾಳ್ಮೆಗೆ ಒಗ್ಗದ್ದು. ಸಣ್ಣ ಸಣ್ಣ ಹೆಜ್ಜೆಯಿಟ್ಟು, ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುವಂತೆ ತರಗತಿಗೆ ಧಾವಿಸುತ್ತಿದ್ದರು. "ಓಡಿ ಹೋಗಿ ನಿಂತುಕೊಳ್ಳೋದಕ್ಕೆ ಇಷ್ಟು ಅವಸರವೇ?" ಎಂದು ನಾನು ಎಷ್ಟೋ ಸಲ ಛೇಡಿಸಿದ್ದುಂಟು. ನಾನೋ ಅರಮನೆಯ ಗುಮಾಸ್ತರ ವಂಶದ ಹೆಣ್ಣು, ಸ್ವಭಾವತಃ ಮುಂಗೋಪಿ. ಹುಡುಗ ಎರಡು ಸಲ ತೊದಲಿದರೆ "ಕೂತ್ಕೋ, ಪಕ್ಕದವನು ಹೇಳು" ಎಂದು ಮುಂದೆ ಸಾಗುತ್ತಿದ್ದವಳು.

ಆ "ಪಕ್ಕದವನು ಹೇಳು" ಎಂಬ ಮಾತು ಅವರಿಗೆ ಸಹ್ಯವಾಗುತ್ತಿರಲಿಲ್ಲ. ಒಬ್ಬರಿಗೆ ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರಿಗೆ ದಾಟಿಸಬಾರದೆಂಬುದು ಅವರು ಪಾಲಿಸಿಕೊಂಡು ಬಂದ ವ್ರತ. ತೊಂಬತ್ತರ ದಶಕದಲ್ಲೊಮ್ಮೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು, ಮಾಧವನೆಂಬ ಹುಡುಗ ನಿಂತೇ ಇದ್ದುದನ್ನು ನೋಡಿ ತಾಳಲಾರದೆ ತಾವೇ ಉತ್ತರ ಹೇಳಿಬಿಟ್ಟರಂತೆ. "ಸಾರ್, ಅದು ಮಾಧವನ ಪ್ರಶ್ನೆ," ಎಂದರಂತೆ ಇವರು, ಅತ್ಯಂತ ವಿನಯದಿಂದ. ಆ ವರ್ಷದ ವರದಿಯಲ್ಲಿ ಇವರ ಬಗ್ಗೆ ಬರೆದ ಸಾಲು ಸಿಹಿಯಾಗಿರಲಿಲ್ಲ.

ಆ ವ್ರತದ ಬೇರು ಎಲ್ಲಿತ್ತೆಂಬುದನ್ನು ಒಮ್ಮೆ ಮಾತ್ರ ಹೇಳಿದ್ದರು. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಓದಿದವರು ಅವರು. ಹಿಂದಿನ ಸಾಲಿನ ಹುಡುಗ. ಅವರ ಸರದಿ ಬಂದಾಗಲೆಲ್ಲ ಮೇಷ್ಟರು ಮುಖವನ್ನೂ ನೋಡದೆ ಕೈಸನ್ನೆಯಲ್ಲೇ ಕೂರಿಸಿ ಮುಂದಿನವನನ್ನು ಎಬ್ಬಿಸುತ್ತಿದ್ದರಂತೆ. "ಮೂರು ವರ್ಷ ನನ್ನ ಉತ್ತರ ಯಾರಿಗೂ ಬೇಕಾಗ್ಲಿಲ್ಲ ಮೇಡಂ," ಎಂದಿದ್ದರು. ಅಂದಿನಿಂದ ನನಗೆ ಅವರನ್ನು ಛೇಡಿಸುವ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ, ಅವರಂತಾಗಬೇಕೆಂಬ ಆಸೆಯೇ ಹುಟ್ಟಿತು.

ಎರಡು ಸಾವಿರದ ಎರಡನೆಯ ಇಸವಿಯ ಜುಲೈನಲ್ಲಿ ಬಿಂದುಶ್ರೀ ಎಂಬ ಹುಡುಗಿ ಹತ್ತನೆಯ ತರಗತಿಗೆ ಹೊಸದಾಗಿ ಸೇರಿದಳು. ಊರಂಚಿನ ಹಿನಕಲ್‌ನವಳು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಗೆ ಬರುತ್ತಿದ್ದಳು. ಕನ್ನಡದಲ್ಲಿ ಮುತ್ತಿನಂಥ ಅಕ್ಷರ, ಬಾಯಲ್ಲಿ ಮಾತ್ರ ಒಂದು ಪದವಿಲ್ಲ. ಒಂದು ಸೋಮವಾರ ಸದಾಶಿವಯ್ಯನವರು ಅವಳನ್ನು ಎಬ್ಬಿಸಿ, ವೃತ್ತದ ಸ್ಪರ್ಶಕಕ್ಕೂ ಸ್ಪರ್ಶಬಿಂದುವಿಗೆ ಎಳೆದ ತ್ರಿಜ್ಯಕ್ಕೂ ನಡುವಿನ ಕೋನ ಎಷ್ಟೆಂದು ಕೇಳಿದರು. ಅವಳು ನಿಂತಳು. ಇವರೂ ಕೈಕಟ್ಟಿ ನಿಂತರು. ಐವತ್ತೆರಡು ಮಕ್ಕಳು ಅವಳತ್ತ ತಿರುಗಿದರು. ಯಾರೋ ಕಿಸಕ್ಕೆಂದದ್ದು ನನಗೂ ಕೇಳಿಸಿತು. ಇವರು ಗದರಿಸಿ ಅವರ ಬಾಯಿ ಮುಚ್ಚಿಸಿ, ಮತ್ತೆ ಕಾದರು. ಗಂಟೆ ಹೊಡೆಯಿತು. "ಅರ್ಜೆಂಟೇನಿಲ್ಲ ಕಣಮ್ಮ, ನಾಳೆ ಹೇಳುವೆಯಂತೆ," ಎಂದರು.

ಮಂಗಳವಾರ ತರಗತಿ ಅವಳಿಂದಲೇ ಶುರುವಾಯಿತು. ಬುಧವಾರವೂ ಅವಳಿಂದಲೇ. ಹಲಗೆಯ ಈಚೆ ನಿಂತು ಮೂರು ದಿನವೂ ಆ ಮೌನವನ್ನು ಕೇಳಿದವಳು ನಾನು. ಮೂರನೆಯ ದಿನ ನಾನೇ ಹೋಗಿ ಅವಳನ್ನು ಕೂರಿಸಿಬಿಡಬೇಕೆನಿಸಿತು. ಆದರೂ ಅವರ ವ್ರತಕ್ಕೆ ನಾನು ಅಡ್ಡ ಬರುವುದೇ ಎಂದು ಸುಮ್ಮನಾದೆ. ಗುರುವಾರ ಬಿಂದುಶ್ರೀ ಬರಲಿಲ್ಲ. ಮರುವಾರವೂ ಇಲ್ಲ. ಚಿಕ್ಕಮ್ಮನನ್ನು ವಿಚಾರಿಸಿದರೆ, ಹುಡುಗಿ ಗಂಟುಮೂಟೆ ಕಟ್ಟಿಕೊಂಡು ಹಿನಕಲ್‌ಗೆ ಹೊರಟುಹೋಗಿದ್ದಾಳೆ, ಇನ್ನು ಓದುವುದಿಲ್ಲ ಎನ್ನುತ್ತಾಳೆ ಎಂದು ತಿಳಿಯಿತು.

ಭಾನುವಾರ ಸದಾಶಿವಯ್ಯನವರೂ ನಾನೂ ಹಿನಕಲ್ ಬಸ್ಸು ಹತ್ತಿದೆವು. ಹುಡುಗಿಗೆ ಜ್ವರವೋ, ಮನೆಯಲ್ಲಿ ಕಷ್ಟವೋ ಎಂದೇ ದಾರಿಯುದ್ದಕ್ಕೂ ಅವರ ಊಹೆ. ಹೊಸ ಬಡಾವಣೆಯ ಕಲ್ಲು ನೆಟ್ಟ ಬಯಲಿನ ಪಕ್ಕದ ಮನೆ. ಅವಳ ತಾಯಿ ಪಾರ್ವತಮ್ಮ ಜಗುಲಿಯ ಮೇಲೆ ಊದಿನಕಡ್ಡಿ ಹೊಸೆಯುತ್ತಿದ್ದರು. ಎದುರಿಗೆ ಕೂತು ಮಗಳೂ ಹೊಸೆಯುತ್ತಿದ್ದಳು.

"ಏನ್ ಮಾಡ್ಬುಟ್ರಿ ಸಾ ನಮ್ಮುಡುಗೀಗೆ?" ಎಂದರು ಆ ತಾಯಿ. "ಒಂದೇಟು ಒಡುದ್ರಾ ಅಂದ್ರೆ ಇಲ್ಲ ಅಂತಾಳೆ. ಬೈದ್ರಾ ಅಂದ್ರೆ ಅದೂ ಇಲ್ಲ ಅಂತಾಳೆ. ಇಸ್ಕೂಲ್ಗೆ ಮಾತ್ರ ಓಗಲ್ವಂತೆ."

ಸದಾಶಿವಯ್ಯನವರು ಜಗುಲಿಯ ಅಂಚಿನಲ್ಲಿ ಕೂತರು. "ಯಾಕಮ್ಮ?" ಎಂದರು. ಆಮೇಲೆ, ಅಭ್ಯಾಸಬಲದಿಂದ, ಅವಳ ಮುಖ ನೋಡುತ್ತಾ ಕಾಯತೊಡಗಿದರು. ನಾನು ಮೆಲ್ಲಗೆ ಅವರ ಕೋಟಿನ ತೋಳು ಜಗ್ಗಿದೆ. ಆಗ ಅವರು ದೃಷ್ಟಿಯನ್ನು ನೆಲಕ್ಕಿಳಿಸಿದರು. ಹುಡುಗಿ ಕೈಯಲ್ಲಿದ್ದ ಕಡ್ಡಿಗೆ ಹೇಳುವಂತೆ ಹೇಳಿದಳು:

"ತೊಂಬತ್ತು ಡಿಗ್ರಿ ಅಂತ ಸೋಮವಾರವೇ ಗೊತ್ತಿತ್ತು ಸಾರ್. ಎಲ್ರೂ ನನ್ನೇ ನೋಡ್ತಿದ್ರು. ನೀವೂ ನೋಡ್ತಿದ್ರಿ. ಬೈದು ಕೂರ್ಸ್‌ಬುಟ್ಟಿದ್ರೆ ಆಗೋಗ್ತಿತ್ತು."

ಅವರ ಮುಖವನ್ನು ನಾನು ಆಗ ನೋಡಬಾರದಿತ್ತು. ಅವರು ಅಂದದ್ದು ಇಷ್ಟೇ: "ತಪ್ಪಾಯ್ತು ಕಣಮ್ಮ. ನೀನು ಬಾ. ನಾನು ಇನ್ನು ನಿನ್ನ ಏನೂ ಕೇಳಲ್ಲ."

ವಾಪಸು ಬರುವ ಬಸ್ಸಿನಲ್ಲಿ, ಇಳಿಯುವ ಮುಂಚೆ, "ಇಪ್ಪತ್ತೊಂಬತ್ತು ವರ್ಷ ನನ್ನ ಥರದ ಹುಡುಗನಿಗೇ ಕಾದುಬುಟ್ಟೆ ಮೇಡಂ. ಎದುರಿಗಿದ್ದೋರು ಯಾರು ಅಂತ ನೋಡ್ಲೇ ಇಲ್ಲ," ಎಂದರು. ಮೂರು ದಿನ ಹಲಗೆಯ ಈಚೆ ಸುಮ್ಮನಿದ್ದ ನನಗೆ ಸಮಾಧಾನ ಹೇಳುವ ಹಕ್ಕಾದರೂ ಏನಿತ್ತು?

ಬಿಂದುಶ್ರೀ ಆ ಬುಧವಾರ ಬಂದಳು. ಅವರು ಮಾತಿಗೆ ತಪ್ಪಲಿಲ್ಲ. ಮಾರ್ಚಿಯವರೆಗೆ ಅವಳಿಗೊಂದು ಪ್ರಶ್ನೆ ಕೇಳಲಿಲ್ಲ. ಬೆಂಚುಗಳ ನಡುವೆ ನಡೆಯುವಾಗ ಅವಳ ಪುಸ್ತಕದ ಮೇಲೆ ಬಾಗಿ, ಸರಿಯಿದ್ದ ಲೆಕ್ಕದ ಪಕ್ಕ ಕೆಂಪು ಪೆನ್ಸಿಲಿನಿಂದೊಂದು ಗೀಟು ಎಳೆದು ಮುಂದೆ ಹೋಗುತ್ತಿದ್ದರು. ಉಳಿದವರಿಗೂ ಕಾಯುವುದು ಕಡಿಮೆಯಾಯಿತು. "ಆಮೇಲೆ ಹೇಳ್ತೀಯಾ? ಬರೆದು ತೋರಿಸ್ತೀಯಾ?" ಎಂದು ಅವರು ತಡವರಿಸುತ್ತಾ ಕೇಳುವುದು ಹಲಗೆಯಾಚೆಯಿಂದ ಕೇಳುತ್ತಿತ್ತು. ಐವತ್ತಾರನೆಯ ವಯಸ್ಸಿನಲ್ಲಿ ಮನುಷ್ಯ ಎಡಗೈಯಲ್ಲಿ ಬರೆಯಲು ಕಲಿತಂತೆ. ಹುಡುಗಿ ಗಣಿತದಲ್ಲಿ ಎಪ್ಪತ್ತೊಂದು ಅಂಕ ಪಡೆದು ಪಾಸಾದಳು. ತರಗತಿಯಲ್ಲಿ ಅವಳ ಧ್ವನಿಯನ್ನು ಅವರು ಕೊನೆಗೂ ಕೇಳಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವರ ಬೀಳ್ಕೊಡುಗೆ ನಡೆಯಿತು. ಹಳೆಯ ವಿದ್ಯಾರ್ಥಿ ಸುಂದರೇಶ, ತಾನೂ ಈಗ ಮೇಷ್ಟರಾಗಿರುವವನು, ಎದ್ದು ನಿಂತು, "ಸಾರು ನನಗೋಸ್ಕರ ಅವತ್ತು ಕಾಯದೇ ಇದ್ದಿದ್ರೆ ನಾನು ಇವತ್ತು ಇಲ್ಲಿ ಇರ್ತಿರ್ಲಿಲ್ಲ," ಎಂದ. ಚಪ್ಪಾಳೆ ಬಿತ್ತು. ಸದಾಶಿವಯ್ಯನವರು ಎದ್ದು ಕೈಮುಗಿದರು. "ಸಂತೋಷ ಕಣಪ್ಪ," ಎಂದರು. "ಆದ್ರೆ ನಾನು ಕಾಯ್ತೀನಿ ಅಂತ್ಲೇ ಸ್ಕೂಲು ಬಿಟ್ಟೋರೂ ಇರ್ಬೇಕು. ಅವರನ್ನ ಇವತ್ತು ಯಾರೂ ಕರೆದಿಲ್ಲ." ಅಷ್ಟು ಹೇಳಿ ಕೂತರು.

ಮಕ್ಕಳಿಗೆ ಹೊಡೆಯುವ ಮೇಷ್ಟರಿಗೆ ತಮ್ಮ ಪೆಟ್ಟು ಎಲ್ಲಿ ಬಿತ್ತೆಂಬುದಾದರೂ ಗೊತ್ತಿರುತ್ತದೆ. ಪ್ರೀತಿಯಿಂದ ಕಲಿಸುವವರ ಪೆಟ್ಟು ಅವರಿಗೇ ಕಾಣುವುದಿಲ್ಲ. ಬಾಸುಂಡೆ ಏಳುವುದಿಲ್ಲ, ತಂದೆತಾಯಿ ದೂರು ತರುವುದಿಲ್ಲ, ಮಗು ಸುಮ್ಮನೆ ಬರುವುದನ್ನು ನಿಲ್ಲಿಸುತ್ತದೆ. ತಾವು ನಂಬಿದ ಪದ್ಧತಿಗಾಗಿ ಮಕ್ಕಳನ್ನು ಬಿಟ್ಟುಕೊಟ್ಟ ಅಧ್ಯಾಪಕರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ನಾನೂ ಅವರಲ್ಲೊಬ್ಬಳಾಗಿದ್ದೇನೆ. ಒಂದು ಮಗುವಿಗಾಗಿ ತಮ್ಮ ಜೀವಮಾನದ ಪದ್ಧತಿಯನ್ನು ಬಿಟ್ಟುಕೊಡುವವರು ಅಪರೂಪ, ಮತ್ತು ಅಂಥವರಿಗೆ ನೆಮ್ಮದಿಯ ನಿವೃತ್ತಿಯಿಲ್ಲ. ತಮ್ಮಿಂದ ಉದ್ಧಾರವಾದವರ ಹೆಸರು ಅವರಿಗೆ ಒಂದೊಂದಾಗಿ ಮರೆತುಹೋಗುತ್ತದೆ. ತಮ್ಮಿಂದ ನೊಂದವರ ಹೆಸರನ್ನು ಕೇಳಿ ನೋಡಿ, ಹುಟ್ಟಿದ ತಾರೀಖಿನ ಸಮೇತ ಹೇಳುತ್ತಾರೆ.