ಇಪ್ಪತ್ತು ಮಿಲಿ ಹಾಲು

“ಕೊಡಿಲ್ಲಿ, ನಾನು ಕುಡಿಸ್ತೀನಿ” ಎಂದವಳೇ ಲಿಡಿಯಾ ಮಗಳ ಕೈಯಿಂದ ಹಾಲಿನ ಸಿರಿಂಜನ್ನು ತೆಗೆದುಕೊಂಡುಬಿಟ್ಟಳು. ಇಲಿಂಕಾ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಗಾಜಿನ ಪೆಟ್ಟಿಗೆಯೊಳಗೆ ಅವಳ ಮಗ ಮತೇಯ್, ಒಂದು ಕಿಲೋ ಇನ್ನೂರು ಗ್ರಾಮಿನವನು, ಮೂಗಿನಿಂದ ಹೊಟ್ಟೆಗಿಳಿದ ಸಣ್ಣ ನಳಿಗೆಯ ಜೊತೆ ಮಲಗಿದ್ದ.

ಕಿಶಿನೌ ನಗರದ ಆ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನ ಹಿರಿಯ ನರ್ಸ್ ತಮಾರಾ ಪಕ್ಕದ ಪೆಟ್ಟಿಗೆಯ ಬಳಿಯಿಂದ ಇದನ್ನು ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದ ಈ ಹುಡುಗಿಗೆ ಹನ್ನೊಂದು ದಿನಗಳಿಂದ ಒಂದೊಂದೇ ಕೆಲಸ ಕಲಿಸಿದವಳು ಅವಳೇ. ಮೊಣಕೈವರೆಗೆ ಕೈ ತೊಳೆಯುವುದು, ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಅಂಗೈಯಗಲದ ಡೈಪರ್ ಬದಲಿಸುವುದು, ಮಗುವನ್ನು ಬರಿಯೆದೆಗೆ ಅವುಚಿಕೊಂಡು ಗಂಟೆಗಟ್ಟಲೆ ಅಲುಗದೆ ಕೂರುವುದು. ಮೊದಲ ದಿನ ಮುಟ್ಟಲಿಕ್ಕೇ ಹೆದರಿ ಅತ್ತವಳು, ಮೊನ್ನೆಯಷ್ಟೇ ಮಗನನ್ನು ಸೋಮಾರಿ ಎಂದು ಗದರುವಷ್ಟು ತಾಯಿಯಾಗಿದ್ದಳು. ಹಾಲು ಕುಡಿಸುವುದೊಂದು ಕೈಗೆ ಬಂದರೆ ತಾಯಿ ಮಗು ಒಟ್ಟಿಗಿರುವ ಕೋಣೆಗೆ ಇಬ್ಬರನ್ನೂ ಕಳಿಸಬಹುದಿತ್ತು. ಅಷ್ಟರಲ್ಲಿ ಲಿಡಿಯಾ ಇಟಲಿಯಿಂದ ವ್ಯಾನಿನಲ್ಲಿ ಮೂವತ್ತು ಗಂಟೆ ಕೂತು ಬಂದಿಳಿದಳು. ಹುಡುಗಿ ಮತ್ತೆ ಗೋಡೆ ಸೇರಿದಳು.

ಲಿಡಿಯಾ ಅಲ್ಲಿನ ಬೊಲೋನ್ಯಾ ನಗರದಲ್ಲಿ ಒಂಬತ್ತು ವರ್ಷಗಳಿಂದ ಹಾಸಿಗೆ ಹಿಡಿದ ಮುದುಕಿಯೊಬ್ಬಳ ಆರೈಕೆ ಮಾಡಿಕೊಂಡಿದ್ದಳು. ಅವಳು ಹೊರಟಾಗ ಇಲಿಂಕಾಗೆ ಹತ್ತು ವರ್ಷ. ಒಂದು ಗಳಿಗೆಯೂ ಸುಮ್ಮನಿದ್ದು ಗೊತ್ತಿಲ್ಲದ ಕೈಗಳು ಲಿಡಿಯಾಳವು. ಆ ಕೈ ಈಗ ಸಿರಿಂಜಿನ ಹಿಡಿಯನ್ನು ಒತ್ತಲು ಹೊರಟಿತ್ತು.

“ಒತ್ಬೇಡಿ!” ತಮಾರಾ ಹತ್ತಿರ ಬಂದಳು. “ಆ ಹಿಡಿ ತೆಗ್ದು ಸುಮ್ನೆ ಎತ್ತಿ ಹಿಡೀಬೇಕು. ಹಾಲು ತಾನಾಗೇ ಇಳೀಬೇಕು.”

“ನಾನು ನೋಡ್ಕೊಳ್ಳೋ ಅಜ್ಜಿಗೆ ನಳಿಗೇಲೇ ಊಟ ಕೊಡೋದು ಸಿಸ್ಟರ್. ನನಗೇ ಹೇಳ್ಕೊಡ್ತೀರಾ?”

“ಅವರ ತೂಕ ಎಷ್ಟು?”

“ಎಂಬತ್ತು ಕಿಲೋ.”

“ಇವನು ಅವರ ಒಂದು ಜೊತೆ ಬೂಟಿನಷ್ಟೂ ಇಲ್ಲ. ಇದು ಮೆಕ್ಕೆಜೋಳದ ಮಾಮಲಿಗಾ ಗಂಜಿ ತಿರುವಿದ ಹಾಗಲ್ಲ ಕಣ್ರೀ. ಕೊಡಿ, ಅವನ ಅಮ್ಮನಿಗೆ ಕೊಡಿ.”

ಲಿಡಿಯಾಳ ಮುಖ ಕೆಂಪಾಯಿತು. ಸಿರಿಂಜು ಮಗಳ ಕೈಗೆ ಬಂತು; ಅವಳು ಹಿಡಿ ತೆಗೆದು ಅದನ್ನು ಎತ್ತಿ ಹಿಡಿದಳು. ಹಾಲು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಯತೊಡಗಿತು. ನೋಡುತ್ತ ನಿಲ್ಲಲಾರದೆ ಲಿಡಿಯಾ ಇನ್ನೊಂದು ಕಿಂಡಿಯಲ್ಲಿ ಕೈ ತೂರಿಸಿ ಮೊಮ್ಮಗನ ಬೆನ್ನು ಸವರಿದಳು. ಒಮ್ಮೆ, ಎರಡು ಸಲ, ಮತ್ತೆ ಮತ್ತೆ.

ಮಗು ಕೈಕಾಲು ಚಾಚಿ ಸೆಟೆದುಕೊಂಡಿತು. ಉಸಿರಾಟ ಅಳೆಯುವ ಯಂತ್ರ ಕೂಗತೊಡಗಿತು. ತುಟಿಯ ಸುತ್ತ ನೀಲಿ ಹರಡಿತು.

ಲಿಡಿಯಾಳ ಕೈ ಇದ್ದಲ್ಲೇ ಕಲ್ಲಾಯಿತು. ತಮಾರಾ ಒಂದು ಹೆಜ್ಜೆ ಮುಂದಿಟ್ಟಳು. ಇಲಿಂಕಾಳ ಮುಖ ನೋಡಿ ಅಲ್ಲೇ ನಿಂತಳು. ಇಲಿಂಕಾ ಆಗಲೇ ಸಿರಿಂಜನ್ನು ತಗ್ಗಿಸಿ ಹಾಲು ನಿಲ್ಲಿಸಿದ್ದಳು. “ಅಮ್ಮ, ಕೈ ತೆಗಿ” ಎಂದವಳು ಎರಡು ಬೆರಳಿನಿಂದ ಮಗುವಿನ ಅಂಗಾಲನ್ನು ತಿಕ್ಕಿದಳು. “ಉಸಿರಾಡೋ ಸೋಮಾರಿ. ಉಸಿರಾಡೋ ನನ್ನಪ್ಪ.”

ಯಂತ್ರದ ಅಂಕಿಗಳು ಮೆಲ್ಲಗೆ ಏರಿದವು. ಮತೇಯ್ ಸಿಡುಕಿನ ಮುಖ ಮಾಡಿ ಒಂದು ದೊಡ್ಡ ಉಸಿರೆಳೆದ. ಕೂಗು ನಿಂತಿತು. ತಮಾರಾ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, “ಸರಿಯಾಗಿದಾನೆ. ಇಷ್ಟು ಸಣ್ಣವರಿಗೆ ಸವರಿದ್ರೆ ತಡೆಯಲ್ಲ. ನಾನಾಗಿದ್ರೂ ನೀನು ಮಾಡಿದ್ದನ್ನೇ ಮಾಡ್ತಿದ್ದೆ” ಎಂದು ಇಲಿಂಕಾಗೆ ಹೇಳಿದಳು.

ಸ್ವಲ್ಪ ಹೊತ್ತು ಬಿಟ್ಟು ಇಲಿಂಕಾ ಉಳಿದ ಹಾಲನ್ನು ಮತ್ತೆ ಎತ್ತಿ ಹಿಡಿದಳು.

“ನೀನು ಹಾಲು ಕುಡೀವಾಗ ನಾನು ಹೀಗೇ ಬೆನ್ನು ಸವರ್ತಿದ್ದೆ. ಹಂಗೇ ನಿದ್ದೆ ಹೋಗ್ಬಿಡ್ತಿದ್ದೆ ನೀನು” ಎಂದಳು ಲಿಡಿಯಾ, ನೆಲ ನೋಡುತ್ತ.

“ನಂಗೆ ಅದೆಲ್ಲ ನೆನಪಿಲ್ಲಮ್ಮ. ನೆನಪಿರೋದು ಫೋನಲ್ಲಿ ನಿನ್ನ ದನಿ.”

ಕೊನೆಯ ಹನಿ ಇಳಿಯುವ ತನಕ ಇಬ್ಬರೂ ಸಿರಿಂಜನ್ನೇ ನೋಡುತ್ತಿದ್ದರು. ತಮಾರಾ ಹಾಳೆಯಲ್ಲಿ ಇಪ್ಪತ್ತು ಮಿಲಿ ಎಂದು ಬರೆದು, ಕುಡಿಸಿದವರು ಎಂಬಲ್ಲಿ ತನ್ನ ಹೆಸರಿನ ಬದಲು ‘ಅಮ್ಮ’ ಎಂದು ಸೇರಿಸಿ ಪಕ್ಕದ ಪೆಟ್ಟಿಗೆಗೆ ಹೋದಳು.

“ನಾಡಿದ್ದು ನಾನು ವಾಪಸ್ ಹೋಗ್ಬೇಕು” ಎಂದಳು ಲಿಡಿಯಾ. ಆಮೇಲೆ, ತುಂಬ ಸಣ್ಣ ದನಿಯಲ್ಲಿ, “ಇವನನ್ನ ಹೇಗೆ ಮುಟ್ಟೋದು ಅಂತ ಒಂದ್ಸಲ ತೋರಿಸ್ತೀಯಾ?”

ಇಲಿಂಕಾ ತಾಯಿಯತ್ತ ತಿರುಗಿದಳು. ವ್ಯಾನಿನ ಮೂವತ್ತು ಗಂಟೆ ಆ ಕಣ್ಣುಗಳ ಕೆಳಗೆ ಇನ್ನೂ ಕೂತಿತ್ತು.

“ಮತ್ತೆ ಕೈ ತೊಳ್ಕೊಂಡು ಬಾ. ಬಿಸಿನೀರಲ್ಲಿ. ತಣ್ಣಗಿದ್ರೆ ಅವನಿಗಾಗಲ್ಲ.”

ಲಿಡಿಯಾ ಶಾಲೆಯ ಹುಡುಗಿಯ ಹಾಗೆ ಹೋಗಿ ತೊಳೆದು, ಎರಡೂ ಕೈ ಮುಂದೆ ಹಿಡಿದುಕೊಂಡು ಬಂದಳು. ಇಲಿಂಕಾ ಅವಳ ಬೆನ್ನ ಹಿಂದೆ ನಿಂತು, ಎರಡೂ ಮಣಿಕಟ್ಟು ಹಿಡಿದು, ಕಿಂಡಿಗಳ ಒಳಗೆ ನಡೆಸಿದಳು.

“ಒಂದು ತಲೆ ಮೇಲೆ. ಒಂದು ಪಾದಕ್ಕೆ. ಸವರ್ಬೇಡ, ತಟ್ಬೇಡ. ಸುಮ್ನೆ ಇಟ್ಕೊಂಡಿರು.”

“ಅಷ್ಟೇನಾ?”

“ಅಷ್ಟೇ.”

ಮತೇಯ್ ಅಜ್ಜಿಯ ಅಂಗೈಯನ್ನು ಒಮ್ಮೆ ಒದ್ದ. ಲಿಡಿಯಾ ಬೆರಳುಗಳನ್ನು ಅಲುಗಿಸಲಿಲ್ಲ. ಆ ಪುಟ್ಟ ಪಾದ ಇನ್ನೊಮ್ಮೆ ತಡಕಾಡಿ, ಅಂಗೈಯ ಗುಳಿಯಲ್ಲಿ ಒರಗಿ ಸುಮ್ಮನಾಯಿತು. ಅವನು ನಿದ್ದೆಹೋಗಿ ಎಷ್ಟೋ ಹೊತ್ತಾದರೂ ಇಲಿಂಕಾ ತಾಯಿಯ ಮಣಿಕಟ್ಟನ್ನು ಬಿಟ್ಟಿರಲಿಲ್ಲ.