ಎಣ್ಣೆ ಸರಿ ಇದ್ದ ಸೋಮವಾರಗಳು

ಕಂಪ್ಲಿಯ ಕೊಟ್ರಯ್ಯನಿಗೆ ಸೋಮವಾರ ಬಂತೆಂದರೆ ಹಬ್ಬ. ಬೇಗ ಎದ್ದು, ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಮ್ಮನ ಜೊತೆ ಜಗಳವಾಡಲು ಹೊರಡುತ್ತಿದ್ದ. ಜಗಳಕ್ಕೆ ಇಷ್ಟು ಶೃಂಗಾರ ಯಾಕೆಂದು ಹೆಂಡತಿ ಹಂಪಮ್ಮ ಒಮ್ಮೆ ಕೇಳಿದ್ದಳು. "ಎದುರಿಗೆ ನಿಂತಾವ ನಮ್ಮನ್ನ ಹಗುರ ತಿಳ್ಕೋಬಾರದಲ್ಲ" ಎಂದಿದ್ದ. ಆಕೆ ಮುಂದೆ ಕೇಳಲಿಲ್ಲ, ಅಂಗಿ ಮಾತ್ರ ಭಾನುವಾರವೇ ಇಸ್ತ್ರಿ ಮಾಡಿಡತೊಡಗಿದಳು.

ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ಪಾಲಾಗಿತ್ತು. ಕಂಪ್ಲಿಯ ಅಕ್ಕಿ ಗಿರಣಿ ಅಣ್ಣ ಕೊಟ್ರಯ್ಯನಿಗೆ, ಹೊಸಪೇಟೆ ಚಿತ್ತವಾಡ್ಗಿಯ ಮನೆ ಮತ್ತು ಅಂಗಡಿ ತಮ್ಮ ರೇವಣಸಿದ್ದನಿಗೆ. ಹಿತ್ತಾಳೆ ಕೊಡಗಳು ಎರಡಾದವು, ಹಾಸಿಗೆಗಳು ಎರಡಾದವು. ದೇವರ ಮುಂದಿನ ಗಂಟೆ ಒಂದೇ ಇತ್ತು, ಇನ್ನೊಂದು ಹೊಸದನ್ನು ತಂದು ಅದನ್ನೂ ಎರಡು ಮಾಡಿದರು. ಉಳಿದದ್ದು ಅಪ್ಪನ ಬಿಳಿ ಮಾರುತಿ ಕಾರು. ಅಷ್ಟು ಹಳೆಯ ಕಾರನ್ನು ಗುಜರಿಯವನೂ ಮೂಸಿ ನೋಡುತ್ತಿರಲಿಲ್ಲ. ಆದರೆ ಅಣ್ಣನಿಗೆ ಬೇಕು ಎಂದು ಗೊತ್ತಾದ ಕೂಡಲೇ ತಮ್ಮನಿಗೂ ಬೇಕಾಯಿತು, ತಮ್ಮನಿಗೆ ಬೇಕು ಎಂದ ಮೇಲೆ ಅಣ್ಣನಿಗೆ ಅದಿಲ್ಲದೆ ಜೀವವೇ ಇಲ್ಲವಾಯಿತು.

ಪಂಚಾಯ್ತಿಗೆ ಕೂತಿದ್ದ ಸೋದರಮಾವ ತೀರ್ಮಾನ ಹೇಳಿದ. ಕಾರು ಒಂದು ವಾರ ಅಣ್ಣನ ಹತ್ತಿರ, ಒಂದು ವಾರ ತಮ್ಮನ ಹತ್ತಿರ. ಸೋಮವಾರ ಬೆಳಿಗ್ಗೆ ಕಮಲಾಪುರದಲ್ಲಿ ಕೈ ಬದಲಾಗಬೇಕು, ತಂದವನು ಬಸ್ಸಿಗೆ ವಾಪಸ್ಸು ಹೋಗಬೇಕು. ಬಾನೆಟ್ ಎತ್ತಿ, ಇಬ್ಬರೂ ಕಣ್ಣಾರೆ ಇಂಜಿನ್ ಎಣ್ಣೆ ನೋಡಿಯೇ ಕೀಲಿ ಕೊಡಬೇಕು. ಮಾವನ ಹತ್ತಿರ ಹಿಂದೆ ಒಂದು ಲಾರಿ ಇತ್ತು, ಎಣ್ಣೆ ಇಲ್ಲದೆ ಅದರ ಇಂಜಿನ್ ಹಿಡಿದುಕೊಂಡು ಸತ್ತಿತ್ತು. ಗಾಡಿಗಳ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದೊಂದೇ, ಅದನ್ನೇ ಕಾನೂನು ಮಾಡಿ ಎದ್ದುಹೋದ.

ಪಾಲಿನ ದಿನ ಯಾರೋ ಏನೋ ಅಂದಿದ್ದರು. ಏನು ಅಂದದ್ದು ಎಂಬುದು ಈಗ ಇಬ್ಬರಿಗೂ ನೆನಪಿಲ್ಲ, ಸಿಟ್ಟು ಮಾತ್ರ ಜೋಪಾನವಾಗಿತ್ತು. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವುದು ನಿಂತಿತು. ಫೋನಿನಲ್ಲಿ ನಂಬರುಗಳಿದ್ದವು, ಒತ್ತುವ ಬೆರಳುಗಳಿರಲಿಲ್ಲ. ಹೆಂಗಸರೂ ಗಂಡಂದಿರ ಮರ್ಯಾದೆಗೆ ಬಾಯಿ ಕಟ್ಟಿಕೊಂಡರು. ಕೊಟ್ರಯ್ಯ ಎತ್ತಿ ಆಡಿಸಿದ ತಮ್ಮ ಅವನು, ಹೆಗಲ ಮೇಲೆ ಕೂರಿಸಿಕೊಂಡು ತುಂಗಭದ್ರೆಯ ಕಾಲುವೆ ತೋರಿಸಿದ ತಮ್ಮ. ಅವನ ಮುಖ ನೋಡಲು ಕೊಟ್ರಯ್ಯನಿಗೆ ಉಳಿದಿದ್ದ ದಾರಿ ಈ ಸೋಮವಾರ ಒಂದೇ.

ದೇವರ ದಯೆಯಿಂದ ಕಾರಿನ ಎಣ್ಣೆ ಎಂದೂ ಸರಿ ಇರುತ್ತಿರಲಿಲ್ಲ. ತಂದವನು ಮನೆಯಲ್ಲಿ ನೋಡಿದಾಗ ಎಣ್ಣೆ ಅಳೆಯುವ ಕಡ್ಡಿಯ ಮೇಲಿನ ಗೆರೆ ದಾಟಿ ಇರುತ್ತಿತ್ತು. ಕಮಲಾಪುರಕ್ಕೆ ಬಂದು, ಬಸ್ ಸ್ಟ್ಯಾಂಡ್ ಎದುರಿನ ದುರ್ಗಕ್ಕನ ಚಹಾದ ಅಂಗಡಿ ಮುಂದೆ ನಿಲ್ಲಿಸಿ, ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ತೆಗೆದರೆ ಕೆಳಗಿನ ಗೆರೆಯ ಹತ್ತಿರ ಬಂದಿರುತ್ತಿತ್ತು.

"ವಾರ ಪೂರ್ತಿ ಓಡ್ಸಿ ಒಂದು ತೊಟ್ಟು ಎಣ್ಣಿ ಹಾಕ್ಸಾಕ ಆಗಲಿಲ್ಲೇನ್ಲೇ?" ಎಂದು ಅಣ್ಣ ಗದರಿದರೆ ತಮ್ಮ ಬಿಡುತ್ತಿರಲಿಲ್ಲ.

"ಮುಂಜಾನಿ ನೋಡೀನಿ, ತುಂಬಿ ತುಳುಕತಿತ್ತು. ಮಗಳು ಐಶ್ವರ್ಯಗ ನರ್ಸಿಂಗ್ ಸೀಟ್ ಸಿಕ್ಕೈತಿ, ಅದರ ಓಡಾಟದಾಗ ನನಗ ಊಟದ ನೆನಪಿಲ್ಲ, ಅಂಥಾದ್ರಾಗೂ ನಿನ್ನ ಕಾರಿನ ಎಣ್ಣಿ ನೋಡೀನಿ!"

ಹೀಗೆ ಶುರುವಾದದ್ದು ಎರಡು ಚಹಾ, ಒಂದೊಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ ಮುಗಿಯುವವರೆಗೆ ನಡೆಯುತ್ತಿತ್ತು. ಬೈಯುತ್ತ ಬೈಯುತ್ತಲೇ ಮಿರ್ಚಿ ಬಜಿ ಹಂಚಿಕೊಳ್ಳುತ್ತಿದ್ದರು. ಜಗಳದ ನಡುವೆಯೇ ತಮ್ಮನಿಗೆ ಬಿಪಿ ಬಂದದ್ದು, ಕೊಟ್ರಯ್ಯ ಹಲ್ಲು ಕೀಳಿಸಿಕೊಂಡದ್ದು, ಚಿತ್ತವಾಡ್ಗಿ ಮನೆಯ ಸೂರು ಸೋರುತ್ತಿರುವುದು ಎಲ್ಲ ಹೊರಬೀಳುತ್ತಿದ್ದವು. ಮನೆಗೆ ಬಂದ ಕೊಟ್ರಯ್ಯ, "ಕಳ್ಳ ನನ್ಮಗ, ಮಗಳಿಗೆ ಸೀಟ್ ಸಿಕ್ಕಿದ್ದ ನೆವ ಹೇಳ್ತಾನ" ಎಂದು ಹಂಪಮ್ಮನಿಗೆ ಒಪ್ಪಿಸುತ್ತಿದ್ದ. ಆಕೆ ಕಳ್ಳತನದ ಭಾಗ ಬಿಟ್ಟು ಸೀಟಿನ ಭಾಗಕ್ಕೆ ಸಕ್ಕರೆ ತಿನ್ನುತ್ತಿದ್ದಳು.

ಕಾರು ಪಡೆದವನು ಊರು ಮುಟ್ಟಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ, ಹಲ್ಲು ಕಡಿಯುತ್ತ ಎಣ್ಣೆ ಸುರಿಯುವುದು. ಅಪ್ಪನ ಕಾರು ಆ ಜಿಪುಣನ ಕೈಯಲ್ಲಿ ಸಾಯಬಾರದು ಎಂದು ಅಣ್ಣ ಸುರಿದ, ತಮ್ಮನೂ ಸುರಿದ. ಕೊನೆಗೆ ಒಂದು ದಿನ ಕಾರು ಕಂಪ್ಲಿಯ ಸಂತೆ ಬೀದಿಯಲ್ಲಿ ನೀಲಿ ಹೊಗೆ ಬಿಟ್ಟು ಸೊಪ್ಪಿನವರನ್ನೆಲ್ಲ ಕೆಮ್ಮಿಸಿ ಬೈಸಿಕೊಂಡಿತು. ಆಗ ಕೊಟ್ರಯ್ಯ ಅದನ್ನು ಮೆಕ್ಯಾನಿಕ್ ಜಡೆಪ್ಪನ ಹತ್ತಿರ ಒಯ್ದ.

ಜಡೆಪ್ಪನಿಗೆ ಮೌನವಾಗಿ ಕೆಲಸ ಮಾಡುವುದು ಗೊತ್ತಿರಲಿಲ್ಲ. ಬಾನೆಟ್ ಎತ್ತಿದ್ದೇ ಬೀದಿಗೆಲ್ಲ ಕೇಳುವಂತೆ ನಕ್ಕ.

"ಅಯ್ಯಾರ, ಇಲ್ಲಿ ನೋಡ್ರಿ. ಕಡ್ಡಿ ಇಳಿಯೋ ಈ ಪೈಪ್ ಐತಲ್ರಿ, ಇದನ್ನ ಹಿಡ್ಕೊಂಡಿರೋ ಬೋಲ್ಟ್ ಮುರ್ದು ಯಾವ ಕಾಲ ಆತೋ. ಬುಡ ಲೂಸ್ ಆಗೈತಿ. ಮನ್ಯಾಗ ಕಡ್ಡಿ ಒತ್ತಿದ್ರ ಪೈಪ್ ಕೆಳಗ ಕುಂದರತೈತಿ, ತುಂಬೈತಿ ಅಂತ ತೋರಸ್ತೈತಿ. ರಸ್ತೆದಾಗ ಕುಲುಕಿದ್ರ ಮ್ಯಾಲೆ ಏರತೈತಿ, ಆಗ ಕಡ್ಡಿ ಎಣ್ಣಿಗೆ ಸರಿಯಾಗಿ ಮುಟ್ಟಂಗಿಲ್ಲ. ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ಕಿಗೂ ಇದು ಸಿಗಂಗಿಲ್ಲ ಬಿಡ್ರಿ, ಜಡೆಪ್ಪಗ ಮಾತ್ರ ಸಿಗತೈತಿ!"

ಕೆಳಗಿನ ನಟ್ಟು ಬಿಚ್ಚಿ ಹಳೆ ಎಣ್ಣೆ ಇಳಿಸಿದರೆ ಟ್ರೇ ತುಂಬಿ ಕಲ್ಲಿನ ಮೇಲೆ ಹರಿಯಿತು. ಹರಿಯುತ್ತಲೇ ಇತ್ತು.

"ಯಪ್ಪಾ! ಇಷ್ಟು ಎಣ್ಣಿ ಯಾರ್ ಕುಡಿಸ್ಯಾರ್ರಿ ಇದಕ್ಕ?"

ತಾನು ಸುರಿದದ್ದು ಎಷ್ಟು ಎಂದು ಕೊಟ್ರಯ್ಯನಿಗೆ ಗೊತ್ತಿತ್ತು. ಉಳಿದದ್ದು ಯಾರ ಕೈಯಿಂದ ಬಿದ್ದದ್ದು ಎಂದೂ ಈಗ ಗೊತ್ತಾಯಿತು. ಜಿಪುಣ, ಕಳ್ಳ, ದಗಾಕೋರ ಎಂದು ವಾರವಾರವೂ ಬೈದ ತಮ್ಮ ತನ್ನಷ್ಟೇ ಎಣ್ಣೆ ಹಾಕಿಸುತ್ತಿದ್ದ. ಹಳೆ ಪೈಪನ್ನು ಜಡೆಪ್ಪ ತಿರುವಿ ತಿರುವಿ ಎಳೆದ, ಬುಡದ ತೂತನ್ನು ಒರೆಸಿ ಸ್ವಚ್ಛ ಮಾಡಿದ, ರಬ್ಬರ್ ರಿಂಗ್ ಸಮೇತ ಹೊಸ ಪೈಪ್ ಕೂರಿಸಿ ಬೋಲ್ಟು ಬಿಗಿದ. ಅಲ್ಲಾಡಿಸಿ ನೋಡಿದರೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಇನ್ನು ಎಲ್ಲ ಸರಿಹೋಯಿತು ಎಂದು ಕೊಟ್ರಯ್ಯ ಖುಷಿಪಟ್ಟ. ಪಾಪ.

ಆ ಸೋಮವಾರ ಕಮಲಾಪುರದಲ್ಲಿ ರೇವಣಸಿದ್ದ ಕಡ್ಡಿ ಎಳೆದ. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ಅವನು ಒರೆಸಿ ಮತ್ತೊಮ್ಮೆ ಅದ್ದಿದ. ಆಗಲೂ ಸರಿ ಇತ್ತು.

"ಪೈಪ್ ಲೂಸ್ ಇತ್ತಂತ, ಹೊಸಾದು ಹಾಕ್ಸೀನಿ" ಎಂದ ಕೊಟ್ರಯ್ಯ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಕಷ್ಟಪಟ್ಟು ಹೊರಡಿಸಿದ. "ನಿಂದೇನೂ ತಪ್ಪಿರಲಿಲ್ಲ."

"ನಿಂದೂ ಇರಲಿಲ್ಲ ಬಿಡಣ್ಣ" ಎಂದ ರೇವಣಸಿದ್ದ.

ಆಮೇಲೆ ಇಬ್ಬರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಬೈಯಲು ಕಾರಣವಿಲ್ಲ. ಕಾರಣವಿಲ್ಲದೆ ಮಾತಾಡುವುದನ್ನು ಇಬ್ಬರೂ ಪಾಲಿನ ದಿನವೇ ಬಿಟ್ಟಿದ್ದರು. ತಮ್ಮ ಕೀಲಿ ಇಸಿದುಕೊಂಡ, ಕೂತ, ಹೋದ. ದುರ್ಗಕ್ಕ ರೂಢಿಯಂತೆ ಎರಡು ಚಹಾ ಸೋಸಿದ್ದಳು, ಕೊಟ್ರಯ್ಯ ಎರಡನ್ನೂ ತಾನೇ ಕುಡಿದು ಬಸ್ಸು ಹತ್ತಿದ.

ಮುಂದಿನ ವಾರ ತಮ್ಮ ತಂದ ಕಾರಿನಲ್ಲೂ ಎಣ್ಣೆ ಸರಿ ಇತ್ತು. ಅದರ ಮುಂದಿನ ವಾರ ಅಣ್ಣ ತಂದಾಗಲೂ ಸರಿ ಇತ್ತು. ಬ್ಯಾಂಕಿನ ಕಿಟಕಿಯ ಎರಡು ಬದಿಗೆ ನಿಂತವರಂತೆ ಇಬ್ಬರೂ ಮರ್ಯಾದೆಯಿಂದ ಕೀಲಿ ಕೊಟ್ಟು ತಗೊಂಡು ಮಾಡಿದರು. "ಐಶ್ವರ್ಯ ಹೆಂಗದಾಳಂತ?" ಎಂದು ಹಂಪಮ್ಮ ಕೇಳಿದರೆ ಕೊಟ್ರಯ್ಯ ಟಿವಿ ಕಡೆ ತಿರುಗುತ್ತಿದ್ದ. "ಹಂಗಾರ ಅಲ್ಲಿ ನೀವು ಮಾಡೋದಾರ ಏನು?" ಎಂದಳು ಒಂದು ದಿನ. "ಎಣ್ಣಿ ನೋಡ್ತೀವಿ" ಎಂದ. ಅಂಗಿಗೆ ಇಸ್ತ್ರಿ ಬೀಳುವುದು ನಿಂತುಹೋಯಿತು.

ನಾಲ್ಕನೇ ಸೋಮವಾರ ರೇವಣಸಿದ್ದ ಬರಲೇ ಇಲ್ಲ. ಕಾರು ತಂದವನು ಅವನ ಹೆಂಡತಿಯ ತಮ್ಮ ದೊಡ್ಡಬಸಪ್ಪ. "ಮಾವಾರು ನನಗ ಹೋಗಿ ಕೊಟ್ಟು ಬಾ ಅಂದ್ರು" ಎಂದು ಏನೋ ಹೇಳಲು ಬಾಯಿ ತೆರೆದ. ಕೊಟ್ರಯ್ಯನ ತಲೆಗೆ ಪಿತ್ತ ಏರಿತ್ತು. ಅಣ್ಣನ ಮುಖ ನೋಡಲೂ ಆಗದಷ್ಟು ದೊಡ್ಡವನಾದನೋ ಆ ನನ್ಮಗ, ಆಳು ಕಳಿಸುತ್ತಾನೋ ಎಂದುಕೊಂಡು, ಬಾನೆಟ್ ಕೂಡ ಎತ್ತದೆ ಕೀಲಿ ಕಿತ್ತುಕೊಂಡು ಕಾರು ತಿರುಗಿಸಿದ. ದೊಡ್ಡಬಸಪ್ಪ ಹೇಳಬೇಕೆಂದಿದ್ದನ್ನು ದುರ್ಗಕ್ಕನಿಗೆ ಹೇಳಿ, ಚಹಾ ಕುಡಿದು ಹೋದ.

ಆ ವಾರವೆಲ್ಲ ಕೊಟ್ರಯ್ಯ ಗಿರಣಿಯಲ್ಲಿ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದ. ಸೋಮವಾರ ಕಮಲಾಪುರದಲ್ಲಿ ಕಾರು ನಿಲ್ಲಿಸಿ ಕೆಳಗಿಳಿಯುತ್ತಿದ್ದಂತೆ ದುರ್ಗಕ್ಕ ಸೌಟು ಹಿಡಿದೇ ಹೊರಗೆ ಬಂದಳು.

"ಅಯ್ಯಾರ, ತಮ್ಮಾರಿಗೆ ಈಗ ಹೆಂಗೈತ್ರಿ?"

"ಏನಾಗೈತಿ ಅವಗ?"

"ಅಯ್ಯ, ನಿಮಗ ಗೊತ್ತಿಲ್ಲನ್ರಿ? ಎದಿ ನೋವು ಬಂದು ಬಳ್ಳಾರಿ ದವಾಖಾನ್ಯಾಗ ಇಟ್ಟಿದ್ರಂತಲ್ರಿ. ರಕ್ತದ ನಳಾ ಬ್ಲಾಕ್ ಆಗಿತ್ತಂತ, ಅದೇನೋ ಸ್ಪ್ರಿಂಗ್ ಹಾಕ್ಯಾರಂತ. ಹೋದ ವಾರ ಬಂದಾವ ಹೇಳಿದ."

ಕೊಟ್ರಯ್ಯ ಕಾರಿನ ಬಾಗಿಲು ಹಿಡಿದು ನಿಂತ. ತಮ್ಮನಿಗೆ ಎದೆ ನೋಯುತ್ತಿದ್ದಾಗ ತಾನು ಇಲ್ಲಿ ಸಿಟ್ಟಿನಿಂದ ಕೀಲಿ ಕಿತ್ತುಕೊಂಡಿದ್ದ. ಇಡೀ ಬಳ್ಳಾರಿ ಜಿಲ್ಲೆಗೆ ಗೊತ್ತಿದ್ದ ಸಂಗತಿಯನ್ನು ಒಡಹುಟ್ಟಿದವನು ಚಹಾದಂಗಡಿಯಲ್ಲಿ ತಿಳಿಯಬೇಕಾಯಿತು.

ಹೊಸಪೇಟೆ ಬಸ್ಸು ಬಂದು ನಿಂತಿತು. ರೇವಣಸಿದ್ದ ಕಂಬಿ ಹಿಡಿದು ನಿಧಾನ ಇಳಿದ. ಮುಖ ಇಳಿದುಹೋಗಿತ್ತು, ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ಯಾರ ಮುಖವನ್ನೂ ನೋಡದೆ ನೇರ ಕಾರಿನ ಹತ್ತಿರ ಬಂದು, ಬಾನೆಟ್ ಎತ್ತಿ, ಮಾವನ ಕಾನೂನಿನಂತೆ ಕಡ್ಡಿ ಎಳೆದ.

"ದವಾಖಾನ್ಯಾಗ ಇದ್ದಿ ಅಂತ" ಎಂದ ಕೊಟ್ರಯ್ಯ. ಆಮೇಲೆ ಗದರಿದ. "ಎದಿ ನೋವು ಒಂದ ದಿನದಾಗ ಬರಂಗಿಲ್ಲ. ಮೊದ್ಲಿಂದ ಇತ್ತಿಲ್ಲ? ನನಗ ಒಂದು ಮಾತು ಯಾಕ ಹೇಳಲಿಲ್ಲ?"

ರೇವಣಸಿದ್ದ ಕಡ್ಡಿ ಒರೆಸಿದ.

"ಯಾವಾಗ ಹೇಳ್ಲಿ ಅಣ್ಣ? ಎರಡು ಸಲ ಹೇಳೋಣಂತನ ಬಂದಿದ್ದೆ. ಎಣ್ಣಿ ಸರಿ ಇತ್ತಲ್ಲ. ಜಗಳನ ಆಗಲಿಲ್ಲ."

ಕಡ್ಡಿ ಅದ್ದಿ ತೆಗೆದ. ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು. ಕೀಲಿಗೆ ಕೈ ಚಾಚಿದ.

ಕೊಟ್ರಯ್ಯ ಕೀಲಿ ಕೊಡಲಿಲ್ಲ. ತಮ್ಮನ ಕೈಯಿಂದ ಕಡ್ಡಿ ಕಿತ್ತುಕೊಂಡು ಬಿಸಿಲಿಗೆ ಹಿಡಿದು ನೋಡಿದ.

"ಕಡಿಮಿ ಐತಿ" ಎಂದ.

"ಎಲ್ಲೈತಿ? ಗೆರಿಗೆ ಐತಲ್ಲ."

"ಕಡಿಮಿ ಐತಿ ಅಂತ ಹೇಳಾಕತ್ತೀನಿ. ವಾರ ಪೂರ್ತಿ ನಾನ ಓಡ್ಸೀನಿ, ಒಂದು ತೊಟ್ಟು ಹಾಕ್ಸಿಲ್ಲ. ನನ್ನ ಬೈಯಲೇ."

ರೇವಣಸಿದ್ದ ಕಡ್ಡಿ ನೋಡಿದ, ಅಣ್ಣನ ಮುಖ ನೋಡಿದ. ಆಮೇಲೆ ಬಸ್ಸಿನಲ್ಲಿದ್ದವರೂ ಕಿಟಕಿಯಿಂದ ಹಣಕಿ ನೋಡುವಂತೆ ಕೂಗಿದ.

"ಡಾಕ್ಟರ್ ನನಗ ಸಿಟ್ಟ ಮಾಡ್ಕೋಬ್ಯಾಡ ಅಂದಾನ, ನೀ ಎಣ್ಣಿ ಇಲ್ಲದ ಗಾಡಿ ತಂದು ನಿಲ್ಲಸ್ತಿ! ಆವತ್ತು ಬೆವರು ಕಿತ್ಕೊಂಡು ಎಡಗೈ ಜೋಮು ಹಿಡೀತು, ಐಶ್ವರ್ಯ ಒಬ್ಬಾಕಿನ ನನ್ನ ಆಟೋದಾಗ ಹಾಕ್ಕೊಂಡು ಹೋದ್ಲು. ನೀ ಎಲ್ಲಿದ್ದಿ? ಹೇಳು, ಎಲ್ಲಿ ಸತ್ತಿದ್ದಿ?"

ಹಾಗೆ ಕೂಗುತ್ತಲೇ ಹೋಗಿ ದುರ್ಗಕ್ಕನ ಬೆಂಚಿನ ಮೇಲೆ, ಪಕ್ಕದಲ್ಲಿ ಅಣ್ಣನಿಗೂ ಜಾಗ ಬಿಟ್ಟು ಕೂತ.